ಕಾಗೆಬಂಗಾರದ ಬಿಲ್ಲೆ

ಕೆಂಗೇರಿ
೨೨ ಜನವರಿ ೧೯೮೪

ಶ್ರೀ ಉಗ್ರಪ್ಪನವರಿಗೆ,

ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಹದಿನೈದು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀವು ಮನೆ ಬದಲಾಯಿಸಿರಲಾರಿರಿ ಎಂಬ ನಂಬಿಕೆಯಿಂದ ಮಾರೇನಹಳ್ಳಿಯ ಹಳೆಯ ವಿಳಾಸಕ್ಕೇ ಹಾಕುತ್ತಿದ್ದೇನೆ.

ವಿಷಯ ಇಷ್ಟೇ. ನಾನು ಮಿಲ್ಲಿನ ಆಫೀಸಿನಲ್ಲೂ ನೀವು ಮಗ್ಗದ ಶೆಡ್ಡಿನಲ್ಲೂ ಇದ್ದಾಗ ಇಬ್ಬರೂ ಸೇರಿ ಕೊಂಡ ಆ ಕೈಪೆಟ್ಟಿಗೆಯ ಗ್ರಾಮಫೋನು ನನ್ನ ಬಳಿಯೇ ಇದೆ. ಸೀತೆ ತೀರಿಕೊಂಡ ಮೇಲೆ ಅದನ್ನು ತೆರೆದಿರಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಯಾಕೋ ಮನಸ್ಸಾಗಿ ಅಟ್ಟದಿಂದ ಇಳಿಸಿದೆ. ಒರೆಸಿ ಕೀ ಕೊಟ್ಟೆ. ಹತ್ತಿಪ್ಪತ್ತು ಸುತ್ತು ಬಂತು. ಆಮೇಲೆ ಒಳಗೆ ಧಬ್ ಎಂದು ಏನೋ ಬಿದ್ದ ಹಾಗಾಗಿ ಹಿಡಿ ಕೈಯಲ್ಲೇ ಸಡಿಲವಾಯಿತು. ಈಗ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತದೆ.

ಪೇಟೆಯ ರೇಡಿಯೋ ರಿಪೇರಿಯವನೊಬ್ಬ "ಷೋಕೇಸಲ್ಲಿ ಇಟ್ಬಿಡಿ ಸಾರ್, ಚೆನ್ನಾಗಿ ಕಾಣುತ್ತೆ" ಎಂದ. ನನಗೆ ಅದು ಕಾಣುವುದು ಬೇಕಿಲ್ಲ. ಅವಳು ಯಾವಾಗಲೂ ಹಾಕಿಸಿಕೊಳ್ಳುತ್ತಿದ್ದ ಆ ಒಂದು ಪ್ಲೇಟು ಇದೆಯಲ್ಲ, ಹೆಂಗಸಿನ ದನಿಯದ್ದು, ಅದನ್ನು ಒಮ್ಮೆ ಕೇಳಬೇಕು. ಈ ಯಂತ್ರ ಬಿಚ್ಚಿ ಜೋಡಿಸಬಲ್ಲವರು ನಿಮ್ಮನ್ನು ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ.

ಒಲ್ಲೆನೆಂದರೂ ಬೇಸರವಿಲ್ಲ. ಒಂದು ಕಾರ್ಡು ಹಾಕಿ.

ಇಂತು,
ಪದ್ಮನಾಭ

*

ಮಾರೇನಹಳ್ಳಿ
೨ ಫೆಬ್ರವರಿ ೧೯೮೪

ಪದ್ಮನಾಭರವರಿಗೆ,

ನೀವು ಅಂತ ಬರೆದಿದೀರಿ, ನಾನೂ ಹಂಗೇ ಬರೀತೀನಿ.

ಮನೆ ಅದೇ. ಸುತ್ತ ಹೊಲ ಹೋಗಿ ಸೈಟು ಆಗಿದೆ, ಅಷ್ಟೇ. ನಾನು ಮಿಲ್ಲಿಂದ ರಿಟೈರಾಗಿ ಎರಡು ವರ್ಷ ಆಯ್ತು.

ಪೆಟ್ಟಿಗೆ ಕಳಿಸಿ. ಸ್ಪ್ರಿಂಗು ಕಿತ್ತುಹೋಗಿದೆ, ಬೇರೇನಲ್ಲ. ಇನ್ನು ಹಿಡಿ ತಿರುಗಿಸಬೇಡಿ. ತೋಳನ್ನ ಕೊಕ್ಕೆಗೆ ಸಿಗಿಸಿ. ಅದರ ತುದೀಲಿ ಮುಳ್ಳು ಹಾಕೋ ಸೌಂಡ್ ಬಾಕ್ಸು ಬಿಚ್ಚಿ ಹತ್ತಿಬಟ್ಟೆಯಲ್ಲಿ ಬೇರೆ ಸುತ್ತಿ, ಅದರೊಳಗೆ ದನಿ ಹೊರಡಿಸೋ ಕಾಗೆಬಂಗಾರದ ಬಿಲ್ಲೆ ಹಪ್ಪಳ ಇದ್ದಂಗೆ, ಬೆರಳು ತಾಗಿದ್ರೆ ಸೀಳುತ್ತೆ. ಆ ಪ್ಲೇಟನ್ನೂ ಜೊತೆಗೆ ಕಳಿಸಿ.

ನಮ್ಮನೆಯವಳು ರಾಮಕ್ಕ ನಿಮ್ಮನ್ನ ಕೇಳಿದಳು ಅಂತ ಬರೆಯೋಕೆ ಹೇಳ್ತಾ ಇದಾಳೆ.

ಉಗ್ರಪ್ಪ

*

ಮಾರೇನಹಳ್ಳಿ
೪ ಮಾರ್ಚ್ ೧೯೮೪

ಪದ್ಮನಾಭರವರಿಗೆ,

ನಿಮ್ಮ ಪಕ್ಕದ ಮನೆ ಅಂಜಿನಯ್ಯನವರು ಮಗು ಎತ್ಕೊಂಡು ಬಂದಂಗೆ ಪೆಟ್ಟಿಗೆ ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ ತಂದುಕೊಟ್ಟರು. ಕೆಲಸಕ್ಕೆ ಹೊತ್ತಾಯ್ತು ಅಂತ ಕಾಫಿ ಕುಡೀಲಿಲ್ಲ.

ಇಷ್ಟು ದಿನ ಯಾಕಾಯ್ತು ಅಂತ ಹೇಳ್ತೀನಿ. ಮೇಲಿನ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ ಮೋಟಾರು ಎತ್ತಿದೆ. ಸ್ಪ್ರಿಂಗಿನ ಡಬ್ಬಿ ಇದೆಯಲ್ಲ, ಅದನ್ನ ಗೋಣಿಚೀಲದೊಳಗೆ ಕೈಯಿಟ್ಟು ತೆಗೆದೆ. ಹಂಗೇ ತೆಗೆದ್ರೆ ಅದು ಹಾರಿ ಮುಖ ಸೀಳಿಬಿಡುತ್ತೆ. ಹೊರಗೆ ಬಂದ ಸ್ಪ್ರಿಂಗು ಹಜಾರದ ಈ ಕಡೆಯಿಂದ ಆ ಕಡೆವರೆಗೂ ಮಲಗಿತು. ಹಳೇ ಗ್ರೀಸು ಜೋನಿಬೆಲ್ಲದ ಥರ ಕಪ್ಪಗೆ ಕಟ್ಟಿತ್ತು. ಸೀಮೆಎಣ್ಣೇಲಿ ಎರಡು ದಿನ ನೆನೆಹಾಕಿ ಉಜ್ಜಿದೆ. ಕೊಕ್ಕೆ ಸಿಗಿಸೋ ತೂತಿನ ಹತ್ರ ಕಿತ್ತುಹೋಗಿದೆ, ನಡುವೆ ಎಲ್ಲೂ ಏಟಿಲ್ಲ. ಒಳ್ಳೇದಾಯ್ತು. ಆ ತುದೀನ ಕತ್ತರಿಸಿ, ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಹೊಸ ತೂತು ಹಾಕಿ ಅರ ಹಾಕ್ತಾ ಇದೀನಿ. ನಾಲ್ಕು ಬೆರಳು ಉದ್ದ ಕಮ್ಮಿ ಆಗುತ್ತೆ. ಒಂದು ಪ್ಲೇಟಿಗೆ ಅಡ್ಡಿ ಇಲ್ಲ.

ತೋಳಿನ ಕೊಳವೆಯೊಳಗೆ ಒಂದು ಕಣಜ ಮಣ್ಣಿನ ಗೂಡು ಕಟ್ಟಿತ್ತು. ನಿಮ್ಮ ಅಟ್ಟದಲ್ಲಿ ಹದಿನೈದು ವರ್ಷ ಅದು ಹಾಡ್ಕೊಂಡಿತ್ತು ಅಂತ ಕಾಣುತ್ತೆ.

ಕೆಲಸ ಮಾಡ್ತಾ ಮಾಡ್ತಾ ಮಧ್ಯಾಹ್ನ ಅಲ್ಲೇ ಒರಗಿ ಕಣ್ಣು ಮುಚ್ಚಿದ್ದೆ. ಹೆಗ್ಗನಹಳ್ಳಿ ಬಂಡೆ ಕನಸಿಗೆ ಬಂತು. ಭಾನುವಾರ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಕೊಂಡು ಹೋಗಿ ಬಂಡೆ ಮೇಲೆ ಇಟ್ಟು ಹಾಡು ಹಾಕ್ತಿದ್ವಲ್ಲ. ಕುರಿಗಳು ಮೇಯೋದು ಬಿಟ್ಟು ಸುತ್ತ ನಿಂತಿದ್ದವು. ಸೀತಮ್ಮ ಸೆರಗಿನ ಗಂಟು ಬಿಚ್ಚಿ ಹುರಿಗಾಳು ಕೊಟ್ಟು, "ನಿಮ್ಮಿಬ್ಬರಿಗೂ ಮದುವೆ ಆಗಿರೋದು ಈ ಪೆಟ್ಟಿಗೆ ಜೊತೆಗೆ, ನಾನು ಸುಮ್ಮನೆ ನೆಂಟಳು" ಅಂದ್ರು. ಕುರಿ ಕೊರಳಿನ ಗಂಟೆ ಒಂದೊಂದೂ ಬೇರೆ ಬೇರೆ ಕೇಳಿಸ್ತು. ಗಾಳಿ ಹುಲ್ಲಿನ ಮೇಲೆ ಹೋಗೋದೂ ಕೇಳಿಸ್ತು. ಕನಸಿನಲ್ಲಿ ಎಲ್ಲಾ ಎಷ್ಟು ಸ್ಪಷ್ಟ ಇರುತ್ತೆ ನೋಡಿ.

ಇನ್ನು ವೇಗ ಒಂದೇ ಸಮ ಇಡೋ ಗವರ್ನರ್ ನೋಡಬೇಕು.

ಉಗ್ರಪ್ಪ

*

ಕೆಂಗೇರಿ
೧೯ ಮಾರ್ಚ್ ೧೯೮೪

ಪ್ರಿಯ ಉಗ್ರಪ್ಪನವರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹುರಿಗಾಳಿನ ವಿಷಯ ನನಗೆ ಮರೆತೇ ಹೋಗಿತ್ತು. ಓದಿದ ಕೂಡಲೇ ಆ ಸೆರಗಿನ ಬಣ್ಣವೂ ನೆನಪಾಯಿತು, ಹೊಂಬಾಳೆಯ ಹಳದಿ. ಒಂದು ಮಧ್ಯಾಹ್ನವೆಲ್ಲ ಏನೂ ಮಾಡದೆ ಕೂತಿದ್ದೆ. ಕಿಟಕಿಯಿಂದ ಬಂದ ಬಿಸಿಲು ಗೋಡೆಯಿಂದ ನೆಲಕ್ಕಿಳಿದು, ನೆಲದಿಂದ ನನ್ನ ಕಾಲಿಗೆ ಬಂದು, ಹೊರಟೂ ಹೋಯಿತು.

ಅಂಜಿನಯ್ಯ ಒಂದು ಮಾತು ಹೇಳಿದ. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ನೀವು ಅವನ ಬಾಯಿಯನ್ನೇ ನೋಡುತ್ತಿದ್ದಿರಂತೆ. "ಅವ್ರಿಗೆ ನನ್ನ ಮೇಲೆ ಏನೋ ಅನುಮಾನ ಸಾರ್" ಎಂದು ನಕ್ಕ. ನಾನೂ ನಕ್ಕೆ. ಮಿಲ್ಲಿನವರ ಅಭ್ಯಾಸ ಎಂದೆ.

ಒಂದು ಕೋರಿಕೆ. ಜೋಡಿಸಿದ ಮೇಲೆ ಆ ಪ್ಲೇಟನ್ನು ನೀವೇ ಮೊದಲು ಹಾಕಿ ಕೇಳಿ. ಎರಡನೆಯ ಸಾಲಿನಲ್ಲಿ ದನಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದಲ್ಲ, ಅಲ್ಲಿ ಸೀತೆ ಕಣ್ಣು ಮುಚ್ಚುತ್ತಿದ್ದಳು. ಆ ಜಾಗ ಸರಿಯಾಗಿ ಬರುತ್ತದೆಯೋ ಇಲ್ಲವೋ ನೋಡಿ ಬರೆಯಿರಿ. ಅಲ್ಲಿ ಕೆಟ್ಟಿದ್ದರೆ ನನಗೆ ಕೇಳುವ ಧೈರ್ಯವಿಲ್ಲ.

ಪದ್ಮನಾಭ

*

ಮಾರೇನಹಳ್ಳಿ
೮ ಏಪ್ರಿಲ್ ೧೯೮೪

ಪದ್ಮನಾಭರವರಿಗೆ,

ಪೆಟ್ಟಿಗೆ ತಯಾರಾಗಿದೆ. ಅಂಜಿನಯ್ಯನವರ ಕೈಲಿ ಕೊಟ್ಟಿದೀನಿ.

ಗವರ್ನರಿಗೆ ಮೂರು ಸೀಸದ ಗುಂಡು, ಮೂರು ತೆಳ್ಳನೆ ಪಟ್ಟಿ. ಒಂದು ಪಟ್ಟಿ ಮುರಿದಿತ್ತು. ಮೂರನ್ನೂ ಹೊಸದಾಗಿ ಒಂದೇ ತೂಕಕ್ಕೆ ಹಾಕಿದೀನಿ, ಇಲ್ಲಾಂದ್ರೆ ಹಾಡು ಅಲೆ ಅಲೆಯಾಗಿ ಬರುತ್ತೆ. ಪ್ಲೇಟಿನ ಅಂಚಿನಡಿ ಒಂದು ಕಾಗದದ ಚೂರು ಸಿಗಿಸಿ, ಗಡಿಯಾರ ಎದುರಿಗೆ ಇಟ್ಕೊಂಡು ಎಣಿಸಿದೆ. ನಿಮಿಷಕ್ಕೆ ಸರಿಯಾಗಿ ಎಪ್ಪತ್ತೆಂಟು ಸುತ್ತು. ಸೌಂಡ್ ಬಾಕ್ಸಿನೊಳಗೆ ಬಿಲ್ಲೆಯ ಎರಡೂ ಕಡೆ ರಬ್ಬರು ಕಲ್ಲಾಗಿತ್ತು. ಸೈಕಲ್ಲಿನ ವಾಲ್ವ್ ಟ್ಯೂಬು ಕತ್ತರಿಸಿ ಹಾಕಿದೀನಿ. ಪ್ರತಿ ಸಲ ಹೊಸ ಮುಳ್ಳು ಹಾಕಿ. ಹಾಡು ಮುಗಿದ ಮೇಲೆ ಕೀ ಪೂರಾ ಇಳಿಯೋಕೆ ಬಿಡಿ, ಬಿಗಿಯಾಗೇ ಇಟ್ಟರೆ ಸ್ಪ್ರಿಂಗಿಗೆ ಆಯಾಸ.

ಮಿಕ್ಕಿದ್ದು ನೀವೇ ಕೇಳಿ ನೋಡಿ.

ಒಂದು ವಿಷಯ ಕೇಳಬೇಕು ಅಂತ ಎರಡು ತಿಂಗಳಿಂದ ಇದೀನಿ. ಆವತ್ತು ನೀವು ಒಂದು ಮಾತೂ ಹೇಳದೆ ರಾಜಾಜಿನಗರದ ಮನೆ ಖಾಲಿ ಮಾಡ್ಕೊಂಡು ಯಾಕೆ ಹೋದ್ರಿ? ನಾನು ಬಂದು ನೋಡಿದ್ರೆ ಬೀಗ. ಕೆಲಸ ಬಿಟ್ಟು ಕೆಂಗೇರಿ ಸ್ಕೂಲಿಗೆ ಗುಮಾಸ್ತೆಯಾಗಿ ಹೋಗಿದೀರಿ ಅಂತ ಮಿಲ್ಲಿನ ಗೇಟಲ್ಲಿ ಯಾರೋ ಹೇಳಿದ್ರು. ಎರಡು ಕಾಗದ ಹಾಕಿದೆ. ಉತ್ತರ ಇಲ್ಲ.

ಉಗ್ರಪ್ಪ

*

ಕೆಂಗೇರಿ
೨೦ ಏಪ್ರಿಲ್ ೧೯೮೪

ಉಗ್ರಪ್ಪ,

ಪ್ಲೇಟು ಹಾಕಿದೆ. ತಿರುಗುವುದು ಸರಿ, ಮೃದಂಗ ಸರಿ. ದನಿ ಮೇಲಕ್ಕೆ ಏರಿದ ಕೂಡಲೇ ಝೊಂಯ್ ಎಂದು ದುಂಬಿ ಹೊಕ್ಕ ಹಾಗೆ ಕರಕರ. ಎರಡನೆಯ ಸಾಲಿನ ಒಂದು ಅಕ್ಷರವೂ ಉಳಿದಿಲ್ಲ. ಅವಳು ಕಣ್ಣು ಮುಚ್ಚುತ್ತಿದ್ದ ಜಾಗದಲ್ಲಿ ನಾನು ಕಿವಿ ಮುಚ್ಚಿಕೊಂಡೆ.

ಮುನ್ನೂರು ಮಗ್ಗ ಓಡುತ್ತಿರುವಾಗ ಯಾವುದರ ಹಲ್ಲು ಸವೆದಿದೆ ಎಂದು ಬಾಗಿಲಲ್ಲೇ ನಿಂತು ಕಿವಿಯಿಂದ ಹೇಳುತ್ತಿದ್ದವನು ನೀನು. ಇದು ನಿನಗೆ ಕೇಳಿಸಲಿಲ್ಲವೇ? ಕೇಳು ಎಂದು ಅಷ್ಟು ಬೇಡಿಕೊಂಡು ಬರೆದೆನಲ್ಲ, ಒಂದು ಸಲ ಹಾಕಿ ಕೇಳುವಷ್ಟು ವ್ಯವಧಾನವಿರಲಿಲ್ಲವೇ? ಅಥವಾ ಬೇಕೆಂದೇ ಹೀಗೆ ಕಳಿಸಿದೆಯೋ?

ಯಾಕೆ ಹೋದೆ ಎಂದು ನನ್ನನ್ನು ಕೇಳುತ್ತೀಯ. ನಿನಗೆ ಚೆನ್ನಾಗಿ ಗೊತ್ತಿದೆ.

ಪದ್ಮನಾಭ

*

ಮಾರೇನಹಳ್ಳಿ
೬ ಮೇ ೧೯೮೪

ಪದ್ದು,

ಬಯ್ಯುವಾಗ ನೀನು ಅಂತ ಬರೆದೆ. ಆ ಧೈರ್ಯದ ಮೇಲೆ ನಾನೂ ಬರೀತಾ ಇದೀನಿ.

ನನಗೆ ಕಿವಿ ಕೇಳಲ್ಲ ಕಣೋ.

ಈಗ ಅಂತಲ್ಲ. ಅರವತ್ತಾರು ಅರವತ್ತೇಳರಿಂದಲೇ ಹೋಗ್ತಾ ಬಂತು. ಮೊದಲು ಹಕ್ಕಿ ಹೋಯ್ತು. ಮನೆ ಹಿಂದಿನ ಬೇವಿನ ಮರದಲ್ಲಿ ಹಕ್ಕಿ ಬರೋದೇ ನಿಂತುಹೋಯ್ತಲ್ಲ ಅಂದೆ. ರಾಮಕ್ಕ ನನ್ನ ಮುಖ ನೋಡಿದಳು. ಮರದ ತುಂಬ ಇದ್ದವಂತೆ. ಆಮೇಲೆ ಹೆಂಗಸರ ದನಿ, ಸೈಕಲ್ ಬೆಲ್ಲು, ಎಲ್ಲಾ ಒಂದೊಂದಾಗಿ ದೂರ ಹೋದವು. ಇಪ್ಪತ್ತು ವರ್ಷ ಮಗ್ಗದ ಶೆಡ್ಡಿನಲ್ಲಿ ನಿಂತರೆ ಯಾರಿಗೂ ಹಂಗೇ. ಕಿವಿಯಿಂದ ಮಗ್ಗದ ರೋಗ ಹೇಳೋ ಫಿಟ್ಟರಿಗೆ ಕಿವಿ ಹೋಯ್ತು ಅಂದ್ರೆ ಮಾರನೆ ದಿನ ಗೇಟಿನ ಹೊರಗೆ. ಅದಕ್ಕೆ ಬಚ್ಚಿಟ್ಟೆ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನಡುಕ ನೋಡಿ ಹೇಳೋದು ಕಲಿತೆ. ಆ ಗಲಾಟೇಲಿ ಎಲ್ಲರೂ ತುಟಿ ನೋಡೇ ಮಾತಾಡೋದು, ಯಾರಿಗೂ ಗೊತ್ತಾಗಲಿಲ್ಲ. ನಿನಗೂ ಹೇಳಲಿಲ್ಲ. ನೀನು ಆಫೀಸಿನವನು, ಬಾಯಿ ತಪ್ಪಿ ಎಲ್ಲಾದರೂ ಅಂದುಬಿಟ್ಟರೆ ಅಂತ ಭಯ. ನಿನ್ನ ಹತ್ರ ಬಚ್ಚಿಟ್ಟಿದ್ದು ಅದೊಂದೇ.

ಮುಖ ಕಂಡರೆ ಮಾತು ತಿಳಿಯುತ್ತೆ. ಬೆನ್ನು ತಿರುಗಿಸಿದರೆ ನನಗೆ ಲೋಕ ಇಲ್ಲ.

ನಿನ್ನ ಪ್ಲೇಟು ನಾನು ಹಾಕಲಿಲ್ಲ ಅಂದ್ಕೋಬೇಡ. ಏಳು ಸಲ ಹಾಕಿದೆ. ಒಂದು ಬಿದಿರು ಕಡ್ಡಿ ಹಲ್ಲಿನಲ್ಲಿ ಕಚ್ಚಿ ಅದರ ತುದೀನ ಸೌಂಡ್ ಬಾಕ್ಸಿನ ಅಂಚಿಗೆ ಇಟ್ಟರೆ, ದವಡೆಯಿಂದ ತಲೆಬುರುಡೆಗೆ ಏನೋ ಬರುತ್ತೆ. ಮೃದಂಗ ಬಂತು ಪದ್ದು. ಬಾವಿಯ ತಳದಲ್ಲಿ ಯಾರೋ ನಡೆದಾಡಿದಂಗೆ ಬಂತು. ಎಷ್ಟು ವರ್ಷ ಆಗಿತ್ತು. ಆದರೆ ಆಯಮ್ಮನ ದನಿ ಬರಲ್ಲ. ಎಷ್ಟು ಕಚ್ಚಿ ಹಿಡಿದರೂ ಆ ಜಾಗ ಬರೀ ಬಿಳೀ ಗೋಡೆ. ಕರಕರ ಇರೋದು ಆ ದನಿಯೊಳಗೆ, ನನಗೆಲ್ಲಿ ತಿಳಿಯಬೇಕು? ಮಿಕ್ಕಿದ್ದು ನೀವೇ ಕೇಳಿ ನೋಡಿ ಅಂತ ಅದಕ್ಕೇ ಬರೆದೆ. ಇಲ್ಲ ಅಂತ ಬರೆಯೋಕೆ ನಾಚಿಕೆ ಆಯ್ತು.

ನಿನಗೆ ಚೆನ್ನಾಗಿ ಗೊತ್ತಿದೆ ಅಂದೆ. ಆಣೆಯಾಗಿ ಗೊತ್ತಿಲ್ಲ.

ಉಗ್ರ

*

ಕೆಂಗೇರಿ
೧೭ ಜೂನ್ ೧೯೮೪

ಉಗ್ರ,

ಆರು ವಾರ ಆಯಿತು. ಬರೆಯಲು ಕೂತು ಎದ್ದು, ಕೂತು ಎದ್ದು ಇವತ್ತಿಗೆ ಬಂದಿದ್ದೇನೆ.

ನೀನು ನಿನ್ನದನ್ನು ಹೇಳಿದೆ. ನಾನೂ ಹೇಳಬೇಕು.

ಸೀತೆಯ ಹದಿಮೂರನೆಯ ದಿನದ ಕಾರ್ಯ ಮುಗಿದ ಮಧ್ಯಾಹ್ನ. ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟಿದ್ದರು. ಕೊನೆಗೆ ಉಳಿದವನು ನೀನೊಬ್ಬನೇ. ಪಾತ್ರೆಯೆಲ್ಲ ಎತ್ತಿಟ್ಟು, ಜಮಖಾನ ಮಡಿಸಿಟ್ಟು, ನನ್ನ ಭುಜ ಮುಟ್ಟಿ ಬಾಗಿಲಿಗೆ ಹೋದೆ. ನಾನು ಒಳಗೆ ಗೋಡೆಗೆ ಒರಗಿ ಕೂತಿದ್ದೆ. ನೀನು ಆ ಕಡೆ ತಿರುಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಗ ನಾನು ಹೇಳಿದೆ, "ಉಗ್ರ, ಇವತ್ತೊಂದು ದಿನ ಇಲ್ಲೇ ಇರೋ. ನಂಗೆ ಭಯ ಆಗ್ತಾ ಇದೆ."

ನೀನು ಗೇಟು ಎಳೆದುಕೊಂಡು ಹೋದೆ. ತಿರುಗಿ ನೋಡಲಿಲ್ಲ. ಮೆತ್ತಗೆ, ಸದ್ದಾಗದ ಹಾಗೆ ಎಳೆದೆ. ನನಗೆ ಅದೇ ಹೆಚ್ಚು ಚುಚ್ಚಿತು. ಕೇಳಿಸಿಕೊಂಡು, ಕೇಳಿಸದವನ ಹಾಗೆ ಜಾರಿಕೊಂಡ ಎಂದುಕೊಂಡೆ.

ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ, ನಿನಗೆ ಗೊತ್ತು. ಹುಟ್ಟಿದ ಮೇಲೆ ಬಾಯಿಬಿಟ್ಟು ಕೇಳಿದ್ದು ಅದೊಂದು ಸಲ. ಆಮೇಲೆ ಯಾರನ್ನೂ ಕೇಳಲಿಲ್ಲ. ಮನೆಯಲ್ಲಿ ಅವಳ ಹೆಸರೆತ್ತುವವರೂ ಇಲ್ಲದ ಹಾಗೆ ಈ ಊರಿಗೆ ಬಂದು ಕೂತೆ. ನಿನ್ನ ಎರಡು ಕಾಗದವೂ ಬಂದಿದ್ದವು. ಒಡೆಯದೆ ಒಲೆಗೆ ಹಾಕಿದೆ.

ನಿನ್ನ ಕಾಗದ ಬಂದ ದಿನ ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ನೋಡಿದೆ. ಅದೇ ಬಾಗಿಲು, ಅದೇ ಬಿಸಿಲು, ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿರುವ ನಿನ್ನ ಬೆನ್ನು. ಅಲ್ಲಿ ಕೂತವನು ತುಟಿ ಅಲುಗಿಸುತ್ತಾನೆ, ದನಿ ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿ ನಿನ್ನ ಮುಂದೆ ಬಂದು ನಿಂತಿದ್ದರೆ ಸಾಕಿತ್ತು. ಏಳಲಿಲ್ಲ. ಹದಿನೈದು ವರ್ಷ ಏಳಲಿಲ್ಲ.

ತಪ್ಪು ನಿನ್ನದಲ್ಲ. ಅದನ್ನು ಬರೆಯುವುದಕ್ಕೆ ಆರು ವಾರ ಬೇಕಾಯಿತು ನೋಡು.

ಪದ್ದು

*

ಮಾರೇನಹಳ್ಳಿ
೨೯ ಜೂನ್ ೧೯೮೪

ಪದ್ದು,

ಓದಿದೆ. ರಾಮಕ್ಕನಿಗೂ ಓದಿ ಹೇಳಿದೆ. ಅವಳು ಅತ್ತಳು. ನಾನು ಗೇಟಿನ ತನಕ ಹೋಗಿ ನಿಂತು ಬಂದೆ.

ಕೇಳಿಸಿದ್ದರೆ ಇರ್ತಿದ್ದೆ ಕಣೋ. ಒಂದು ದಿನ ಅಲ್ಲ, ನೀನು ಸಾಕು ಹೋಗು ಅನ್ನೋ ತನಕ ಇರ್ತಿದ್ದೆ.

ಎಂಟನೇ ತಾರೀಖು ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಸಣ್ಣ ಸ್ಕ್ರೂಡ್ರೈವರು, ಹೊಸ ವಾಲ್ವ್ ಟ್ಯೂಬು ತರ್ತೀನಿ. ಆ ಕರಕರ ಬಿಲ್ಲೆ ಪಕ್ಕದ ಎರಡು ಪುಟ್ಟ ಸ್ಕ್ರೂಗಳದ್ದು. ಕಿವಿ ಇರೋರು ಪಕ್ಕದಲ್ಲಿ ಬೇಕು.

ಉಗ್ರ

*

ಕೆಂಗೇರಿ
೧೨ ಜುಲೈ ೧೯೮೪

ಉಗ್ರ,

ನೀನು ಬಸ್ಸು ಹತ್ತಿ ಮೂರು ದಿನ ಆಯಿತು. ನೀನು ಮಲಗಿದ್ದ ಚಾಪೆಯನ್ನು ಇನ್ನೂ ಸುತ್ತಿಟ್ಟಿಲ್ಲ.

ಭಾನುವಾರ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ತಿರುಗುತ್ತಿರುವುದನ್ನು ಬರೆದುಬಿಡುತ್ತೇನೆ. ಜಗಲಿಯ ಮೇಲೆ ಪೆಟ್ಟಿಗೆ, ಆ ಕಡೆ ನೀನು, ಈ ಕಡೆ ನಾನು. ನೀನು ಸೌಂಡ್ ಬಾಕ್ಸು ಬಿಚ್ಚಿ ಹೊಸ ಟ್ಯೂಬು ಹಾಕಿ, ಬಿಲ್ಲೆಯನ್ನು ಉಸಿರು ಬಿಗಿಹಿಡಿದು ಕೂರಿಸಿದೆ. ಬಿಸಿಲಿಗೆ ಹಿಡಿದಾಗ ಅದರೊಳಗೆ ಚಿನ್ನದ ಹೊಗೆಯಂಥದ್ದು ಅಲುಗಾಡಿತು. ಆಮೇಲೆ ಮುಳ್ಳು ಹಾಕಿ ಪ್ಲೇಟು ಬಿಟ್ಟು, "ನೀನು ಏನೂ ಹೇಳಬೇಡ, ಸುಮ್ಮನೆ ಕೇಳ್ತಾ ಇರು, ನಿನ್ನ ಮುಖ ನನಗೆ ಸಾಕು" ಎಂದೆ. ದನಿ ಮೇಲಕ್ಕೆ ಹೋದಾಗ ಕರಕರ. ನಾನು ಮುಖ ಕಿವುಚಿರಬೇಕು, ನೀನು ಮುಳ್ಳು ಎತ್ತಿ ಸ್ಕ್ರೂವನ್ನು ಒಂದು ಕೂದಲಷ್ಟು ತಿರುಗಿಸಿದೆ. ಮತ್ತೆ ಹಾಕಿದೆ. ಮತ್ತೆ ನನ್ನ ಮುಖ. ಎಷ್ಟು ಸಲ ಆಯಿತೋ ಲೆಕ್ಕವಿಲ್ಲ. ನನ್ನನ್ನು ಅಷ್ಟು ಹೊತ್ತು ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ, ಅವಳು ಹೋದ ಮೇಲೆ.

ಕೊನೆಯ ಸಲ ಹಾಕಿದಾಗ ಎರಡನೆಯ ಸಾಲು ಬಂತು. ಏರಿತು, ಏರಿದಲ್ಲೇ ನಿಂತಿತು, ತಿಳಿನೀರಿನ ಹಾಗೆ. ನನಗೆ ಕಣ್ಣು ಮುಚ್ಚಿಹೋಯಿತು. ಕಣ್ಣು ಬಿಟ್ಟಾಗ ನೀನು ಸ್ಕ್ರೂಡ್ರೈವರು ಕೆಳಗಿಟ್ಟು, ಕೈ ಒರೆಸಿಕೊಂಡು, "ಆಯ್ತು" ಎಂದೆ. ನಾನಿನ್ನೂ ಒಂದು ಮಾತೂ ಹೇಳಿರಲಿಲ್ಲ.

ಆಮೇಲೆ ನೀನು ಬಿದಿರು ಕಡ್ಡಿ ಕಚ್ಚಿಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದೆ. ನಿನ್ನ ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು, ಒಂದು ಏಟೂ ತಪ್ಪಲಿಲ್ಲ. ಹಾಡು ನನ್ನ ಕಡೆಗೆ ಅರ್ಧ, ನಿನ್ನ ಕಡೆಗೆ ಅರ್ಧ ಬಂತು.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ. ಕಾಫಿ ಕೊಟ್ಟಾಗ ಒಂದು ಗುಟುಕು ಕುಡಿದು ನೀನು ಹೇಳಿದೆಯಲ್ಲ, "ಸೀತಮ್ಮ ಇದ್ದಿದ್ರೆ ಕಾಫಿಗೆ ಇಷ್ಟೊಂದು ಸಕ್ಕರೆ ಸುರೀತಿರಲಿಲ್ಲ ಕಣೋ ಪದ್ದು!" ಎಂದು. ನಿನಗೆ ನಿನ್ನ ದನಿಯ ಅಳತೆ ಇಲ್ಲ. ಅದು ಕೂಗಿದ ಹಾಗಿತ್ತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಎದುರು ಮನೆಯ ಕಿಟಕಿ ತೆರೆಯಿತು. ನಿನ್ನ ಕೈ ಅದುಮಿ ಮೆತ್ತಗೆ ಎನ್ನಬೇಕೆಂದು ನನ್ನ ಕೈ ಎದ್ದಿತು. ನೀನು ಮತ್ತೆ ಶುರುಮಾಡಿದೆ. ಸೀತಮ್ಮ ಹಾಗೆ, ಸೀತಮ್ಮ ಹೀಗೆ, ಸೀತಮ್ಮನ ಹುಳಿ, ನೀನು ಸೈಕಲ್ಲಿಂದ ಬಿದ್ದಾಗ ಸೀತಮ್ಮ ಅರಿಸಿನ ಹಚ್ಚಿ ಬೈದಿದ್ದು. ಎತ್ತಿದ ಕೈ ಹಾಗೇ ಇಳಿಯಿತು. ಹದಿನೈದು ವರ್ಷ ಈ ಬೀದಿಯಲ್ಲಿ ನಾನೂ ಬಾಯಿಬಿಟ್ಟು ಹೇಳದ ಹೆಸರು ಗಾಳಿಯಲ್ಲಿ ಓಡಾಡುತ್ತಿತ್ತು.

ನಿನ್ನನ್ನು ಬಸ್ಸು ಹತ್ತಿಸಿ ಬಂದಾಗ ಅಂಜಿನಯ್ಯನ ಹೆಂಡತಿ ಯಶೋದಮ್ಮ ಗೇಟಿನಲ್ಲಿ ನಿಂತಿದ್ದರು. ಸ್ವಲ್ಪ ಹಿಂಜರಿದು ಕೇಳಿದರು.

"ಸಾರ್, ತಪ್ಪು ತಿಳೀಬೇಡಿ. ಸೀತಮ್ಮ ಅಂದ್ರೆ ಯಾರು?"

ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದೇವೆ, ಅವರಿಗೆ ಗೊತ್ತಿರಲಿಲ್ಲ. ಒಳಗೆ ಬನ್ನಿ ಎಂದೆ. ಕೂತು ಹೇಳಿದೆ. ನನ್ನ ಹೆಂಡತಿ ಎಂದು ಶುರುಮಾಡಿದೆ, ಆಮೇಲೆ ಮಾತು ತಾನಾಗಿ ಬಂತು. ಅವರು ಸೆರಗನ್ನು ಬಾಯಿಗೆ ಹಿಡಿದು ಒಂದು ಕಡೆ ನಕ್ಕರು, ಒಂದು ಕಡೆ ಅತ್ತರು. ಹೋಗುವಾಗ "ನಾಳೆ ಮಿಕ್ಕಿದ್ದು ಹೇಳಿ ಸಾರ್" ಎಂದರು. ಮಾರನೆಯ ದಿನ ಬಂದೂ ಬಂದರು.

ಮೆತ್ತಗೆ ಮಾತಾಡು ಎಂದು ರಾಮಕ್ಕ ದಿನಾ ಗದರಿಸುತ್ತಾರೆ ಅಂದೆಯಲ್ಲ. ಅದು ನಿನ್ನ ಮನೆಯಲ್ಲಿ ಇರಲಿ. ನನ್ನ ಮನೆಗೆ ಬಂದಾಗ ಭಾನುವಾರ ಮಾತಾಡಿದ ಹಾಗೇ ಮಾತಾಡು. ಬೀದಿಗೆಲ್ಲ ಕೇಳಲಿ.

ನಿನ್ನ
ಪದ್ದು